ನಗರದ ಗಾಡಿಗಳು ರಾತ್ರಿ ಎಲ್ಲಿ ನಿಲ್ಲುತ್ತವೆ?

ಇದು ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಲು ಹೋಗಿಲ್ಲ. ಪರದೆಯ ಮೇಲೆ ತೋರಿಸಿದ್ದ ಲೆಕ್ಕಗಳನ್ನು ಇಲ್ಲಿ ವಾಕ್ಯದಲ್ಲೇ ಬಿಡಿಸಿ ಹೇಳಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ನಮಸ್ಕಾರ. ಒಂದು ನಗರಾಡಳಿತ ಎಲೆಕ್ಟ್ರಿಕ್ ಗಾಡಿ ಕೊಂಡ ದಿನ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಸಾಲಾಗಿ ನಿಂತ ಹೊಸ ಗಾಡಿಗಳು, ರಿಬ್ಬನ್, ಭಾಷಣ, ಫೋಟೋ. ಭಾಷಣದಲ್ಲಿ ಎರಡು ಸಂಖ್ಯೆ ಇದ್ದೇ ಇರುತ್ತವೆ. ಎಷ್ಟು ಗಾಡಿ ಬಂದವು, ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತವೆ. ಎರಡೂ ಸುಳ್ಳೇನಲ್ಲ. ಆದರೆ ಈ ಯೋಜನೆ ಮೂರು ವರ್ಷದ ನಂತರವೂ ನಡೆಯುತ್ತಿರುತ್ತದಾ ಅಂತ ನನ್ನನ್ನು ಕೇಳಿದರೆ ನಾನು ಬೇರೆಯದೇ ಮಾಹಿತಿ ಕೇಳುತ್ತೇನೆ. ಆ ಗಾಡಿ ದಿನಕ್ಕೆ ಎಷ್ಟು ಗಂಟೆ ಸುಮ್ನೆ ನಿಂತಿರುತ್ತದೆ? ಎಲ್ಲಿ ನಿಂತಿರುತ್ತದೆ? ಆ ಜಾಗಕ್ಕೆ ಎಷ್ಟು ಕರೆಂಟ್ ಬರುತ್ತದೆ?

ನಗರದ ಗಾಡಿ ಅಂದರೆ ಬಸ್ಸು ಮಾತ್ರ ಅಲ್ಲ. ತಪಾಸಣೆಗೆ ಹೋಗುವ ಅಧಿಕಾರಿಗಳ ಕಾರು, ನೀರಿನ ಪೈಪು ರಿಪೇರಿಗೆ ಹೋಗುವ ವ್ಯಾನು, ಬೀದಿ ದೀಪ ಸರಿ ಮಾಡುವ ಏಣಿ ಗಾಡಿ, ಕಸದ ಲಾರಿ, ಉದ್ಯಾನದವರ ಚಿಕ್ಕ ಟ್ರಕ್ಕು, ಅಗ್ನಿಶಾಮಕ ವಾಹನ, ಹೀಗೆ ಪಟ್ಟಿ ಉದ್ದವಿದೆ. ಇವುಗಳಲ್ಲಿ ಹೆಚ್ಚಿನವು ಊರು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಬೆಳಿಗ್ಗೆ ಹೊರಡುತ್ತವೆ, ನಾಲ್ಕು ಕಡೆ ನಿಲ್ಲುತ್ತವೆ, ಸಂಜೆ ಅದೇ ಶೆಡ್ಡಿಗೆ ವಾಪಸ್ ಬರುತ್ತವೆ. ಯಾವ ರಸ್ತೆಯಲ್ಲಿ ಹೋಗುತ್ತವೆ ಅನ್ನುವುದೂ ಹೆಚ್ಚುಕಡಿಮೆ ಮೊದಲೇ ಗೊತ್ತು. ಸ್ವಂತ ಕಾರಿನವರಿಗೆ ಇರುವ 'ನಾಳೆ ಇದ್ದಕ್ಕಿದ್ದಂತೆ 400 ಕಿಲೋಮೀಟರ್ ಹೋಗಬೇಕಾದರೆ?' ಅನ್ನುವ ಚಿಂತೆ ಈ ಗಾಡಿಗಳಿಗೆ ಇಲ್ಲವೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1897ರಲ್ಲೇ ಲಂಡನ್ನಿನಲ್ಲಿ ಬ್ಯಾಟರಿ ಟ್ಯಾಕ್ಸಿಗಳು ಓಡಿದ್ದವು. ವಾಲ್ಟರ್ ಬರ್ಸಿ ಅನ್ನುವವರು ಮಾಡಿದ ಗಾಡಿಗಳು ಅವು. ಎರಡೇ ವರ್ಷದಲ್ಲಿ ನಿಂತುಹೋದವು, ಯಾಕೆಂದರೆ ಅಷ್ಟು ಭಾರಕ್ಕೆ ಟಯರ್ ಬೇಗ ಸವೆಯುತ್ತಿತ್ತು, ರಸ್ತೆಯ ಕುಲುಕಾಟಕ್ಕೆ ಬ್ಯಾಟರಿ ಹಾಳಾಗುತ್ತಿತ್ತು, ಕೂಡಿ ಕಳೆದರೆ ಖರ್ಚು ಹುಟ್ಟುತ್ತಿರಲಿಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿಯ ದಾರಿ ಬೇರೆ. 1910ರಿಂದ 1924ರವರೆಗೆ ಅದು ಟ್ರಕ್ಕಿನವರಿಗೆ ಬ್ಯಾಟರಿಯನ್ನು ಬಾಡಿಗೆಗೆ ಕೊಡುತ್ತಿತ್ತು. ಖಾಲಿ ಬ್ಯಾಟರಿ ಇಳಿಸಿ, ತುಂಬಿದ್ದನ್ನು ಹಾಕಿಸಿಕೊಂಡು, ಓಡಿದ ಮೈಲಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಆಯಿತು. ಇವತ್ತು ನಾವು ಬ್ಯಾಟರಿ ಅದಲು ಬದಲು ಅಂತ ಏನೋ ಹೊಸದನ್ನು ಕಂಡುಹಿಡಿದವರ ಹಾಗೆ ಮಾತಾಡುತ್ತೇವೆ!

ಆದರೆ ನನಗೆ ಇಷ್ಟವಾದ ಉದಾಹರಣೆ ಬ್ರಿಟನ್ನಿನ ಹಾಲಿನ ಗಾಡಿ. ಪೆಟ್ರೋಲ್ ಕಾರು ಇಡೀ ಜಗತ್ತನ್ನು ಆಳುತ್ತಿದ್ದ ಕಾಲದಲ್ಲೂ ಅಲ್ಲಿ ಮನೆಮನೆಗೆ ಹಾಲು ಹಾಕುವವರು ದಶಕಗಟ್ಟಲೆ ಸಾವಿರಾರು ಬ್ಯಾಟರಿ ಗಾಡಿಗಳನ್ನು ಓಡಿಸಿದರು. ಸೀಸದ ಬ್ಯಾಟರಿ, ಆಮೆ ವೇಗ, ಸ್ವಲ್ಪವೇ ದೂರ. ಆದರೂ ನಡೆಯಿತು. ಯಾಕೆ? ಪ್ರತಿ ಮನೆಯ ಮುಂದೆ ನಿಲ್ಲಬೇಕು, ಮತ್ತೆ ಹೊರಡಬೇಕು, ನಿಂತಾಗ ಎಂಜಿನ್ ಉರಿಯಬಾರದು, ನಸುಕಿನಲ್ಲಿ ಸದ್ದು ಮಾಡಬಾರದು, ಕೆಲಸ ಮುಗಿದ ಮೇಲೆ ಡೈರಿಗೆ ಹೋಗಿ ಗಂಟೆಗಟ್ಟಲೆ ನಿಲ್ಲಬೇಕು. ಬ್ಯಾಟರಿಗೆ ಇದಕ್ಕಿಂತ ಹೊಂದುವ ಕೆಲಸ ಸಿಗುವುದು ಕಷ್ಟ. ನಗರದ ಗಾಡಿಗಳಲ್ಲಿ ಮುಕ್ಕಾಲು ಪಾಲು ಇಂಥ ಕೆಲಸವನ್ನೇ ಮಾಡುತ್ತವೆ ಅನ್ನುವುದು ನನ್ನ ಅಂದಾಜು.

ಈಗ ಲೆಕ್ಕಕ್ಕೆ ಬರೋಣ. ಒಂದು ಇಲಾಖೆಯಲ್ಲಿ 40 ಕಾರುಗಳಿವೆ ಅಂದುಕೊಳ್ಳಿ. ಒಂದೊಂದೂ ದಿನಕ್ಕೆ 60 ಕಿಲೋಮೀಟರ್ ಓಡುತ್ತದೆ. ಸಾಧಾರಣ ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ ಸುಮಾರು 150 ವ್ಯಾಟ್ ಅವರ್ ತಿನ್ನುತ್ತದೆ. ಸಾವಿರ ವ್ಯಾಟ್ ಅವರ್ ಸೇರಿದರೆ ಒಂದು ಯೂನಿಟ್, ಅಂದರೆ ದಿನಕ್ಕೆ 9 ಯೂನಿಟ್. 40 ಕಾರಿಗೆ 360 ಯೂನಿಟ್.

ಇದನ್ನು ಇಬ್ಬರ ಕೈಗೆ ಕೊಡಿ. ಮೊದಲನೆಯವರು ಪ್ರತಿ ಕಾರಿಗೂ 7.4 ಕಿಲೋವ್ಯಾಟಿನ ಒಂದು ಚಾರ್ಜರ್ ಬೇಕು ಅನ್ನುತ್ತಾರೆ. 230 ವೋಲ್ಟಿನಲ್ಲಿ 32 ಆಂಪಿಯರ್ ಎಳೆಯುವ, ಎಲ್ಲ ಕಡೆ ಸಿಗುವ ಚಾರ್ಜರ್ ಅದು. ಸಂಜೆ 6 ಗಂಟೆಗೆ ಎಲ್ಲರೂ ಬಂದು ಪ್ಲಗ್ ಹಾಕುತ್ತಾರೆ. 40ನ್ನು 7.4ರಿಂದ ಗುಣಿಸಿ, ಹತ್ತಿರ ಹತ್ತಿರ 300 ಕಿಲೋವ್ಯಾಟ್. ಆ ಕಟ್ಟಡದ ಈಗಿನ ಸಂಪರ್ಕ ಅಷ್ಟನ್ನು ತಡೆಯುವುದಿಲ್ಲ. ಹೊಸ ಟ್ರಾನ್ಸ್‌ಫಾರ್ಮರ್ ಬೇಕು, ಹೊಸ ಕೇಬಲ್ ಬೇಕು, ರಸ್ತೆ ಅಗೆಯಬೇಕು. ತಮಾಷೆ ಏನೆಂದರೆ ಇಷ್ಟೆಲ್ಲ ಮಾಡಿದ ಮೇಲೆ ಒಂದೂಕಾಲು ಗಂಟೆಯಲ್ಲಿ ಚಾರ್ಜಿಂಗ್ ಮುಗಿದುಹೋಗುತ್ತದೆ. ಉಳಿದ ರಾತ್ರಿಯೆಲ್ಲ ಆ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಕೆಲಸವೇ ಇಲ್ಲ.

ಎರಡನೆಯವರು ಗಡಿಯಾರ ನೋಡುತ್ತಾರೆ. ಸಂಜೆ 8ರಿಂದ ಬೆಳಿಗ್ಗೆ 6ರವರೆಗೆ 10 ಗಂಟೆ ಇದೆ. 360 ಯೂನಿಟ್ಟನ್ನು 10 ಗಂಟೆಗೆ ಹಂಚಿದರೆ 36 ಕಿಲೋವ್ಯಾಟ್. ಚಾರ್ಜಿಂಗಿನಲ್ಲಿ ಸೋರಿಹೋಗುವುದನ್ನೂ ಸೇರಿಸಿ 40 ಅಂತ ಇಟ್ಟುಕೊಳ್ಳಿ. ಕಾರುಗಳು ಸರದಿಯಲ್ಲಿ ಚಾರ್ಜ್ ಆಗಲಿ ಅಂತ ಒಂದು ಸಾಫ್ಟ್‌ವೇರಿಗೆ ಹೇಳುತ್ತಾರೆ, ಇಷ್ಟು ಕಿಲೋವ್ಯಾಟಿಗಿಂತ ಮೇಲೆ ಹೋಗಬೇಡ ಅಂತ ಮಿತಿ ಹಾಕುತ್ತಾರೆ. ಬೇಕಾದರೆ ಸ್ವಲ್ಪ ಕೈ ಸಡಿಲ ಬಿಟ್ಟು ಮಿತಿಯನ್ನು 60ಕ್ಕೆ ಇಡಲಿ. ಆಗಲೂ ಮೊದಲನೆಯವರ ಐದರಲ್ಲಿ ಒಂದು ಭಾಗ. ಹಗಲು ಹೊತ್ತು ಕಚೇರಿಯ ಏ.ಸಿ. ಮತ್ತು ಲಿಫ್ಟು ಎಳೆಯುವ ಲೋಡು ರಾತ್ರಿ ಖಾಲಿ ಇರುವುದರಿಂದ ಎಷ್ಟೋ ಕಟ್ಟಡಗಳಲ್ಲಿ ಹೊಸ ಸಂಪರ್ಕವೇ ಬೇಕಾಗುವುದಿಲ್ಲ. ರಾತ್ರಿ ಮಲಗುವಾಗ ಫೋನಿಗೆ ಚಾರ್ಜರ್ ಸಿಕ್ಕಿಸಿದ ಹಾಗೆ, ಬೆಳಿಗ್ಗೆಯ ಹೊತ್ತಿಗೆ ತುಂಬಿದ್ದರೆ ಸಾಕು. ಎಷ್ಟು ಹೊತ್ತಿಗೆ ತುಂಬಿತು ಅಂತ ಯಾರಿಗೆ ಬೇಕು?

ಇದರಲ್ಲಿ ಬಿಲ್ಲಿನ ಮಾತೂ ಇದೆ. ಬಹಳಷ್ಟು ಕಡೆ ದೊಡ್ಡ ಗ್ರಾಹಕರಿಗೆ ವಿದ್ಯುತ್ ಬಿಲ್ಲು ಎರಡು ಭಾಗದಲ್ಲಿ ಬರುತ್ತದೆ. ಎಷ್ಟು ಯೂನಿಟ್ ಬಳಸಿದಿರಿ ಅನ್ನುವುದು ಒಂದು. ತಿಂಗಳಲ್ಲಿ ಯಾವುದಾದರೂ ಒಂದು ಹೊತ್ತಿನಲ್ಲಿ ಅತಿ ಹೆಚ್ಚು ಎಷ್ಟು ಕಿಲೋವ್ಯಾಟ್ ಎಳೆದಿರಿ ಅನ್ನುವುದು ಇನ್ನೊಂದು. ಈ ಎರಡನೆಯದಕ್ಕೆ ಸಾಮಾನ್ಯವಾಗಿ 15 ಅಥವಾ 30 ನಿಮಿಷದ ಸರಾಸರಿಯನ್ನು ಹಿಡಿಯುತ್ತಾರೆ. ಇಡೀ ತಿಂಗಳು ಶಿಸ್ತಾಗಿದ್ದು ಒಂದೇ ಒಂದು ಸಂಜೆ ಎಲ್ಲ ಚಾರ್ಜರೂ ಒಟ್ಟಿಗೆ ಹೊತ್ತಿಕೊಂಡರೆ, ಆ ಅರ್ಧ ಗಂಟೆಯ ದುಡ್ಡನ್ನು ಇಡೀ ತಿಂಗಳಿಗೆ ಕಟ್ಟಬೇಕು. ಡೀಸೆಲ್ ಉಳಿತಾಯವಾಯಿತು ಅಂತ ಖುಷಿಪಟ್ಟವರು ಮೊದಲ ಬಿಲ್ಲು ಕೈಗೆ ಬಂದಾಗ ಬೆಚ್ಚಿಬೀಳುವುದು ಇಲ್ಲೇ. ಇದರಲ್ಲಿ ಕರೆಂಟಿನ ತಪ್ಪಿಲ್ಲ, ವೇಳಾಪಟ್ಟಿ ಹಾಕದವರ ತಪ್ಪು.

ಹಾಗಾದರೆ ವೇಗದ ಚಾರ್ಜರ್ ಬೇಡವೇ ಬೇಡವಾ? ಬೇಕು, ಆದರೆ ಕಡಿಮೆ ಬೇಕು. ಚಾರ್ಜರಿನಲ್ಲಿ ಎರಡು ಜಾತಿ. ಎ.ಸಿ. ಚಾರ್ಜರ್, ಅಂದರೆ ಗೋಡೆಯ ಪ್ಲಗ್ಗಿಗೆ ಬರುವ ಪರ್ಯಾಯ ವಿದ್ಯುತ್ತನ್ನೇ ಗಾಡಿಗೆ ಕೊಡುವಂಥದ್ದು, ಹೆಚ್ಚುಕಡಿಮೆ ಬುದ್ಧಿ ಇರುವ ಒಂದು ಸ್ವಿಚ್ಚು. ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿ.ಸಿ.ಗೆ, ಅಂದರೆ ನೇರ ವಿದ್ಯುತ್ತಿಗೆ, ಬದಲಿಸುವ ಪೆಟ್ಟಿಗೆ ಗಾಡಿಯ ಒಳಗೇ ಇರುತ್ತದೆ. ಆ ಪೆಟ್ಟಿಗೆ ಎಷ್ಟು ತಡೆಯುತ್ತದೋ ಅಷ್ಟೇ ವೇಗ. ಗಾಡಿಯೊಳಗಿನದು 7 ಕಿಲೋವ್ಯಾಟಿನದಾದರೆ 22 ಕಿಲೋವ್ಯಾಟಿನ ಎ.ಸಿ. ಚಾರ್ಜರ್ ತಂದು ನಿಲ್ಲಿಸಿದರೂ 7ಕ್ಕಿಂತ ಮೇಲೆ ಹೋಗುವುದಿಲ್ಲ. ಟೆಂಡರ್ ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು. ಡಿ.ಸಿ. ಚಾರ್ಜರಿನಲ್ಲಿ ಆ ಬದಲಿಸುವ ಯಂತ್ರ ಹೊರಗಡೆ ಇರುತ್ತದೆ, ಅದಕ್ಕೇ ಅದು ಬೀರುವಿನಷ್ಟು ದೊಡ್ಡದು, ದುಬಾರಿ, ಒಳಗೆ ಫ್ಯಾನು, ಫಿಲ್ಟರು, ಕೆಡುವ ಭಾಗಗಳು ಜಾಸ್ತಿ. 50 ಕಿಲೋವ್ಯಾಟ್, 150 ಕಿಲೋವ್ಯಾಟ್, ಅದಕ್ಕೂ ಮೇಲೆ ಇವೆ. ಆದರೆ ಬ್ಯಾಟರಿ ಮುಕ್ಕಾಲು ದಾಟಿದ ಮೇಲೆ ತಾನಾಗಿಯೇ ಕಡಿಮೆ ಕರೆಂಟ್ ಕೇಳತೊಡಗುತ್ತದೆ. ಹಾಗಾಗಿ ವೇಗದ ಚಾರ್ಜರಿನಲ್ಲಿ ಗಾಡಿಯನ್ನು ನೂರಕ್ಕೆ ನೂರು ತುಂಬಿಸಲು ಕಾಯುವುದು ಆ ಯಂತ್ರವನ್ನು ಸುಮ್ನೆ ಹಿಡಿದಿಟ್ಟ ಹಾಗೆ. ಎರಡು ಪಾಳಿಯಲ್ಲಿ ಓಡುವ ಗಾಡಿಗೆ, ರಾತ್ರಿ ಪ್ಲಗ್ ಹಾಕಲು ಮರೆತುಹೋದ ಗಾಡಿಗೆ, ತುರ್ತಿಗೆ ಅಂತ ಡಿಪೋಗೆ ಒಂದೆರಡು ಡಿ.ಸಿ. ಇದ್ದರೆ ಸಾಕು. ಉಳಿದದ್ದೆಲ್ಲ ಅಗ್ಗದ ನಿಧಾನದ ಚಾರ್ಜರ್.

ಚಾರ್ಜರ್ ಕೊಳ್ಳುವಾಗ ಇನ್ನೊಂದು ಮಾತು. ಚಾರ್ಜರು ಮತ್ತು ಅದನ್ನು ನಡೆಸುವ ಸಾಫ್ಟ್‌ವೇರು ಒಂದೇ ಕಂಪನಿಯದ್ದೇ ಆಗಿರಬೇಕು ಅನ್ನುವ ಬಲೆಗೆ ಬೀಳಬಾರದು. ಚಾರ್ಜರು ಮತ್ತು ಸಾಫ್ಟ್‌ವೇರು ಪರಸ್ಪರ ಮಾತಾಡಿಕೊಳ್ಳಲು ಓ.ಸಿ.ಪಿ.ಪಿ. ಅನ್ನುವ ಮುಕ್ತ ನಿಯಮಾವಳಿ ಇದೆ, ನೆದರ್ಲೆಂಡ್ಸಿನಲ್ಲಿ ಹುಟ್ಟಿದ್ದು. ಎರಡೂ ಕಡೆಯವರು ಅದನ್ನು ಪಾಲಿಸಿದರೆ ನಾಳೆ ಸಾಫ್ಟ್‌ವೇರ್ ಕಂಪನಿ ಬಾಗಿಲು ಹಾಕಿದರೂ ಚಾರ್ಜರ್‌ಗಳನ್ನು ಇನ್ನೊಬ್ಬರಿಗೆ ಜೋಡಿಸಬಹುದು. ಇಲ್ಲದಿದ್ದರೆ ಗೋಡೆಗೆ ನೇತುಹಾಕಿದ ಚಂದದ ಡಬ್ಬಗಳು ಉಳಿಯುತ್ತವೆ.

ಈಗ ಬಸ್ಸು. ಲೆಕ್ಕ ಇಲ್ಲಿ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. 12 ಮೀಟರ್ ಉದ್ದದ ಬಸ್ಸು ಕಿಲೋಮೀಟರಿಗೆ ಒಂದರಿಂದ ಒಂದೂವರೆ ಯೂನಿಟ್ ತಿನ್ನುತ್ತದೆ, ಏ.ಸಿ. ಅಥವಾ ಹೀಟರ್ ಹಾಕಿದರೆ ಇನ್ನೂ ಮೇಲೆ. 1.2 ಅಂತ ಹಿಡಿದು, ದಿನಕ್ಕೆ 200 ಕಿಲೋಮೀಟರ್ ಓಡಿದರೆ 240 ಯೂನಿಟ್. 100 ಬಸ್ಸಿಗೆ 24,000 ಯೂನಿಟ್. ಬಸ್ಸು ರಾತ್ರಿ ತಡವಾಗಿ ಬಂದು ನಸುಕಿನಲ್ಲೇ ಹೊರಡುವುದರಿಂದ ಸಿಗುವುದು 6 ಗಂಟೆ. 4,000 ಕಿಲೋವ್ಯಾಟ್ ಬೇಕು, ಅದೂ ಚೆನ್ನಾಗಿ ಹಂಚಿದರೆ. ಇದು ಪ್ಲಗ್ ಹಾಕುವ ಮಾತಲ್ಲ, ಡಿಪೋ ಪಕ್ಕದಲ್ಲಿ ಒಂದು ಸಣ್ಣ ಸಬ್‌ಸ್ಟೇಷನ್ ಕಟ್ಟುವ ಮಾತು. ಅದಕ್ಕೆ ಜಾಗ, ಅನುಮತಿ, ಮತ್ತು ವರ್ಷಗಟ್ಟಲೆ ಸಮಯ ಬೇಕು. ಬಸ್ಸು ಅಷ್ಟು ತಡ ಮಾಡುವುದಿಲ್ಲ, ಕಾರ್ಖಾನೆಯಿಂದ ಬೇಗ ಬಂದುಬಿಡುತ್ತದೆ. ಹಾಗಾಗಿ ಬಸ್ಸಿಗೆ ಆರ್ಡರ್ ಕೊಡುವ ಮುಂಚೆ ವಿದ್ಯುತ್ ಕಂಪನಿಯ ಎಂಜಿನಿಯರರ ಜೊತೆ ಕೂರಬೇಕು. ಕ್ರಮ ತಿರುಗಾ ಮುರುಗಾ ಆದರೆ ಹೊಸ ಬಸ್ಸುಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಸಿಕೊಳ್ಳದೆ ಬಯಲಿನಲ್ಲಿ ನಿಲ್ಲುತ್ತವೆ.

ಮಾಡಲು ಸಾಧ್ಯವೇ ಅಂದರೆ, ಸಾಧ್ಯ. ಚೀನಾದ ಶೆನ್ಜೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿ ಮುಗಿಸಿತ್ತು. ಆಮೇಲೆ ಟ್ಯಾಕ್ಸಿಗಳ ಸರದಿಯೂ ಬಂತು. ಇದನ್ನು ಕೇಳಿದವರೆಲ್ಲ 'ಅವರಿಗೆ ಬಿಡಿ, ದುಡ್ಡಿದೆ, ಆಜ್ಞೆ ಮಾಡಿದರೆ ನಡೆಯುತ್ತದೆ' ಅನ್ನುತ್ತಾರೆ. ಸಬ್ಸಿಡಿ ದೊಡ್ಡದಿತ್ತು, ನಿಜ. ಬಿ.ವೈ.ಡಿ.ಯಂಥ ತಯಾರಕರು ಅದೇ ಊರಿನವರು, ಅದೂ ನಿಜ. ಆದರೆ ಜನ ಮರೆಯುವ ವಿಷಯ ಬೇರೆ ಇದೆ. 2011ರಲ್ಲಿ ಅಲ್ಲಿ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟ ನಡೆದಾಗಲೇ ಅವರು ಇಂಥ ಬಸ್ಸುಗಳನ್ನು ರಸ್ತೆಗಿಳಿಸಿ ನೋಡಿದ್ದರು. ಆರು ವರ್ಷ ಡಿಪೋಗಳನ್ನು ಸಿದ್ಧ ಮಾಡಿದರು, ಚಾರ್ಜಿಂಗ್ ನಡೆಸುವ ಕೆಲಸವನ್ನು ಬೇರೆಯವರಿಗೆ ವಹಿಸಿದರು, ಬಸ್ ಕಂಪನಿಗಳು ಗಾಡಿಯನ್ನು ಒಂದೇ ಸಲ ದುಡ್ಡು ಸುರಿದು ಕೊಳ್ಳದೆ ಲೀಸಿಗೆ ಪಡೆದವು.

ಚಿಲಿಯ ಸ್ಯಾಂಟಿಯಾಗೊ ಇದಕ್ಕಿಂತ ಕುತೂಹಲದ ಉದಾಹರಣೆ, ಯಾಕೆಂದರೆ ಅಲ್ಲಿ ಬಸ್ ಕಾರ್ಖಾನೆಯ ಬಲ ಇರಲಿಲ್ಲ. 2018ರ ಡಿಸೆಂಬರಿನಲ್ಲಿ ಮೊದಲ 100 ಬಸ್ಸು ಬಂದವು. ಅವನ್ನು ಕೊಂಡದ್ದು ಬಸ್ ಓಡಿಸುವವರಲ್ಲ, ಒಂದು ವಿದ್ಯುತ್ ಕಂಪನಿ, ಎನೆಲ್. ಬಸ್ಸೂ ಅವರದು, ಚಾರ್ಜರೂ ಅವರದು, ಓಡಿಸುವವರು ತಿಂಗಳು ತಿಂಗಳು ಬಾಡಿಗೆ ಕೊಡುತ್ತಾರೆ. ನೋಡಿ, ಎಲೆಕ್ಟ್ರಿಕ್ ಬಸ್ಸಿನ ಕಷ್ಟ ಇರುವುದೇ ಮೊದಲ ದಿನದ ಬೆಲೆಯಲ್ಲಿ. ಆಮೇಲೆ ಓಡಿಸುವ ಖರ್ಚು ಕಡಿಮೆ. ಮೊದಲ ದಿನದ ಭಾರ ಹೊರುವ ಶಕ್ತಿ ಇರುವವರು ಯಾರು, ಕರೆಂಟಿನ ಜ್ಞಾನ ಇರುವವರು ಯಾರು ಅಂತ ಕೇಳಿಕೊಂಡು, ಆ ಭಾಗವನ್ನು ಅವರಿಗೇ ಕೊಟ್ಟರು. ಈಗ ಅಲ್ಲಿ ಎಲೆಕ್ಟ್ರಿಕ್ ಬಸ್ಸುಗಳ ಸಂಖ್ಯೆ ಎರಡು ಸಾವಿರ ದಾಟಿದೆ. ಬೇರೆ ನಗರಗಳು ಮೊದಲು ನೋಡಬೇಕಾದದ್ದು ಶೆನ್ಜೆನ್ನಿನ ಸಂಖ್ಯೆಯನ್ನಲ್ಲ, ಸ್ಯಾಂಟಿಯಾಗೊದ ಈ ಒಪ್ಪಂದವನ್ನು ಅಂತ ನನಗನ್ನಿಸುತ್ತದೆ.

ಎಲ್ಲ ಕಡೆ ಹೀಗೆ ಸುಸೂತ್ರ ಅಂತ ಹೇಳಿದರೆ ನೀವು ನಂಬಬಾರದು. ಫಿಲಡೆಲ್ಫಿಯಾದ ಸಾರಿಗೆ ಸಂಸ್ಥೆ 25 ಎಲೆಕ್ಟ್ರಿಕ್ ಬಸ್ಸು ತಂದು, 2020ರಲ್ಲಿ ಅವನ್ನೆಲ್ಲ ರಸ್ತೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಚಾಸಿಯಲ್ಲಿ ಬಿರುಕು ಕಾಣಿಸಿತ್ತು. ಆ ಬಸ್ಸು ತಯಾರಿಸಿದ ಪ್ರೋಟೆರಾ ಕಂಪನಿ 2023ರ ಆಗಸ್ಟಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಬಸ್ಸು 12 ವರ್ಷ ಓಡಬೇಕು, ಮಾಡಿದ ಕಂಪನಿ ಅಷ್ಟು ದಿನ ಬದುಕದಿದ್ದರೆ ಬಿಡಿಭಾಗ ಯಾರು ಕೊಡುತ್ತಾರೆ? ಹೊಸ ಕಂಪನಿಗಳ ಉತ್ಸಾಹ ನನಗೂ ಇಷ್ಟ. ಆದರೆ ಟೆಂಡರಿನಲ್ಲಿ ಬಿಡಿಭಾಗ, ಸಾಫ್ಟ್‌ವೇರಿನ ಕೀಲಿ, ದುರಸ್ತಿ ಕೈಪಿಡಿ ಈ ಮೂರರ ಮಾತು ಬರೆಯದೆ ಸಹಿ ಹಾಕಬಾರದು.

ಕಸದ ಲಾರಿಯ ವಿಷಯ ಹೇಳುತ್ತೇನೆ, ಇದು ತುಂಬಾ ಸ್ವಾರಸ್ಯದ್ದು. ಕಾಗದದ ಮೇಲೆ ನೋಡಿದರೆ ಕಸದ ಲಾರಿಯಷ್ಟು ಹೊಂದುವ ಗಾಡಿ ಇನ್ನೊಂದಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಡೀಸೆಲ್ ಲಾರಿ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಅಷ್ಟು ಶಕ್ತಿಯನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ಎಲೆಕ್ಟ್ರಿಕ್ ಲಾರಿಯಲ್ಲಿ ನಿಲ್ಲಿಸುವಾಗ ಮೋಟಾರೇ ಜನರೇಟರ್ ಆಗಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ಹಾಕುತ್ತದೆ. ಮನೆಯವರ ನಿದ್ದೆಯೂ ಕೆಡುವುದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಏನಾಯಿತು ಗೊತ್ತಾ? ಅಲ್ಲಿ ಹಿಮ ಬಿದ್ದಾಗ ಇದೇ ಕಸದ ಲಾರಿಗಳ ಮುಂದೆ ದೊಡ್ಡ ಹಲಗೆ ಕಟ್ಟಿ ರಸ್ತೆಯ ಹಿಮ ತಳ್ಳಿಸುತ್ತಾರೆ. ಎಲೆಕ್ಟ್ರಿಕ್ ಲಾರಿ ಈ ಕೆಲಸದಲ್ಲಿ ಸುಮಾರು ನಾಲ್ಕು ಗಂಟೆಗೆ ಸುಸ್ತಾಯಿತು, ತಮಗೆ ಬೇಕಿರುವುದು 12 ಗಂಟೆ ಅಂತ ಅಲ್ಲಿನ ನೈರ್ಮಲ್ಯ ಇಲಾಖೆಯ ಮುಖ್ಯಸ್ಥರು 2022ರಲ್ಲಿ ನಗರ ಸಭೆಗೆ ಹೇಳಿದರು. ಗಾಡಿ ಕೆಟ್ಟದ್ದಲ್ಲ. ವರ್ಷದಲ್ಲಿ ಬೆರಳೆಣಿಕೆಯ ದಿನ ಮಾಡುವ ಇನ್ನೊಂದು ಕೆಲಸ ಆ ಗಾಡಿಯ ಹೆಗಲ ಮೇಲಿತ್ತು. ನಿಮ್ಮ ಗಾಡಿಗಳಿಗೂ ಇಂಥ ಎರಡನೇ ಕೆಲಸ ಇರಬಹುದು. ಪ್ರವಾಹ ಬಂದಾಗ ಯಾವುದು ಹೋಗುತ್ತದೆ? ಚುನಾವಣೆ ಬಂದಾಗ ಯಾವುದನ್ನು ಎತ್ತಿಕೊಂಡು ಹೋಗುತ್ತಾರೆ? ಇದು ಕಡತದಲ್ಲಿ ಇರುವುದಿಲ್ಲ, ಚಾಲಕರನ್ನು ಕೂರಿಸಿಕೊಂಡು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಹೀಗಾಗಿ ಎಲ್ಲ ಗಾಡಿಯನ್ನೂ ಒಟ್ಟಿಗೆ ಬದಲಿಸುತ್ತೇವೆ ಅನ್ನುವ ಘೋಷಣೆಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಹಳೆಯ ಗಾಡಿಯ ಆಯುಷ್ಯ ಮುಗಿದಾಗ ಅದರ ಜಾಗಕ್ಕೆ ಎಲೆಕ್ಟ್ರಿಕ್ ಹೊಂದುತ್ತದಾ ಅಂತ ಒಂದೊಂದಾಗಿ ನೋಡಬೇಕು. ಅದಕ್ಕೂ ಮುಂಚೆ ಈಗಿನ ಗಾಡಿಗಳಿಗೆ ಜಿ.ಪಿ.ಎಸ್. ಕಟ್ಟಿ ಎರಡು ತಿಂಗಳು ಸುಮ್ನೆ ನೋಡಿ. ಆಗ ಎರಡು ವಿಷಯ ಬಯಲಾಗುತ್ತದೆ. ಹೆಚ್ಚಿನ ಗಾಡಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಓಡುತ್ತವೆ. ಕೆಲವು ಗಾಡಿ ಓಡುವುದೇ ಇಲ್ಲ. ಈ ಎರಡನೆಯದನ್ನು ಎಲೆಕ್ಟ್ರಿಕ್ ಮಾಡುವ ಬದಲು ತೆಗೆದೇ ಹಾಕಿದರೆ ಎಲ್ಲಕ್ಕಿಂತ ಜಾಸ್ತಿ ಉಳಿತಾಯ, ಆದರೆ ಅದನ್ನು ಹೇಳಿದವರು ಯಾವ ಇಲಾಖೆಗೂ ಇಷ್ಟವಾಗುವುದಿಲ್ಲ ಬಿಡಿ.

ವರ್ಕ್‌ಶಾಪಿನವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ, ಬ್ರೇಕ್ ಪ್ಯಾಡು ವರ್ಷಾನುಗಟ್ಟಲೆ ಬಾಳಿಕೆ ಬರುತ್ತದೆ. ಇದನ್ನು ಕೇಳಿದ ತಕ್ಷಣ ಮೆಕ್ಯಾನಿಕ್ ಹೆದರುತ್ತಾನೆ, ನನ್ನ ಕೆಲಸ ಹೋಯಿತು ಅಂತ. ಕೆಲಸ ಹೋಗುವುದಿಲ್ಲ, ಬದಲಾಗುತ್ತದೆ. ಭಾರ ಜಾಸ್ತಿ, ಎಳೆತ ಜಾಸ್ತಿ, ಹಾಗಾಗಿ ಟಯರ್ ಬೇಗ ಸವೆಯುತ್ತದೆ. ಸಸ್ಪೆನ್ಷನ್, ಸ್ಟೀರಿಂಗ್, ಏ.ಸಿ. ಎಲ್ಲ ಮೊದಲಿನಂತೆಯೇ ಕೆಡುತ್ತವೆ. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಪಕ್ಕದಲ್ಲಿರುವ ಪುಟ್ಟ 12 ವೋಲ್ಟಿನ ಬ್ಯಾಟರಿ ಸತ್ತರೆ ಗಾಡಿ ಏಳುವುದಿಲ್ಲ. ಹೊಸದಾಗಿ ಬರುವ ಕಷ್ಟ ಅಂದರೆ 400 ವೋಲ್ಟು, ಕೆಲವದರಲ್ಲಿ 800 ವೋಲ್ಟು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಬರಿಗೈ ಹಾಕುವಂತಿಲ್ಲ. ರಬ್ಬರ್ ಕೈಗವಸು, ಇನ್ಸುಲೇಟೆಡ್ ಸ್ಪಾನರ್, ವಿದ್ಯುತ್ ತಪ್ಪಿಸಿ ಬೀಗ ಹಾಕಿ ಮತ್ತೆ ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳುವ ಕ್ರಮ, ಇವನ್ನೆಲ್ಲ ಗಾಡಿ ಬರುವ ಮುಂಚೆ ಕಲಿಸಬೇಕು. ಗಾಡಿ ಬಂದು ಆರು ತಿಂಗಳ ಮೇಲೆ ತರಬೇತಿ ಅಂದರೆ ಅಷ್ಟು ದಿನ ಸಣ್ಣ ರಿಪೇರಿಗೂ ಕಂಪನಿಯವರಿಗೆ ಕಾಯಬೇಕು.

ಚಾಲಕರೂ ಅಷ್ಟೇ. ಅವರಿಗೆ ಮುಖ್ಯವಾಗಿ ಕಲಿಸಬೇಕಾದದ್ದು ಎರಡು. ವಾಪಸ್ ಬಂದ ತಕ್ಷಣ ಪ್ಲಗ್ ಹಾಕುವುದು, ಹೊರಡುವ ಮುಂಚೆ ಪ್ಲಗ್ ಇರುವಾಗಲೇ ಗಾಡಿಯ ಒಳಗನ್ನು ತಂಪೋ ಬಿಸಿಯೋ ಮಾಡಿಕೊಳ್ಳುವುದು. ಎರಡನೆಯದರಿಂದ ಬ್ಯಾಟರಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಮೊದಲನೆಯದು ಕೇಳಲು ಸುಲಭ ಅನ್ನಿಸುತ್ತದೆ, ಆದರೆ ಕೇಬಲ್ ಕೆಸರಲ್ಲಿ ಬಿದ್ದಿದ್ದರೆ, ಚಾರ್ಜರ್ ಮುಂದೆ ಇನ್ಯಾರದೋ ಗಾಡಿ ನಿಂತಿದ್ದರೆ, ದಿನವಿಡೀ ದುಡಿದು ಬಂದ ಮನುಷ್ಯ ಪ್ಲಗ್ ಹಾಕದೆ ಮನೆಗೆ ಹೋಗುತ್ತಾನೆ. ಅವನನ್ನು ಬೈದು ಉಪಯೋಗವಿಲ್ಲ. ಕೇಬಲ್ ಮೇಲಿಂದ ಇಳಿಯುವ ಹಾಗೆ ಮಾಡಿ, ನಿಲ್ಲಿಸುವ ಜಾಗಕ್ಕೆ ಸಂಖ್ಯೆ ಬರೆಯಿರಿ.

ಇನ್ನು ಬೀದಿಯಲ್ಲಿ ಸಾರ್ವಜನಿಕರಿಗೆ ಹಾಕುವ ಚಾರ್ಜರ್. ಇದು ಪೂರ್ತಿ ಬೇರೆ ವ್ಯವಹಾರ, ಡಿಪೋದ ಬುದ್ಧಿ ಇಲ್ಲಿ ನಡೆಯುವುದಿಲ್ಲ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಸಂಶೋಧಕರು ಸಾರ್ವಜನಿಕ ವೇಗದ ಚಾರ್ಜರ್‌ಗಳ 657 ಪ್ಲಗ್‌ಗಳನ್ನು ಹೋಗಿ ನೋಡಿದರು. ಕೆಲಸ ಮಾಡುತ್ತಿದ್ದದ್ದು ನೂರಕ್ಕೆ 72.5. ಪರದೆ ಸತ್ತಿತ್ತು, ದುಡ್ಡು ಕಟ್ಟುವ ಭಾಗ ಕೆಟ್ಟಿತ್ತು, ಕೇಬಲ್ ಮುರಿದಿತ್ತು, ಇಂಥವೇ ಕಾರಣ. ತಾಮ್ರದ ಆಸೆಗೆ ಕೇಬಲ್ ಕತ್ತರಿಸಿಕೊಂಡು ಹೋಗುವುದೂ ಹಲವು ಊರುಗಳ ತಲೆನೋವು. ಹಾಗಾಗಿ ನಗರ ಎಷ್ಟು ಚಾರ್ಜರ್ ನೆಟ್ಟಿತು ಅನ್ನುವ ಸುದ್ದಿ ಓದಿದರೆ, ಕೆಟ್ಟರೆ ಎಷ್ಟು ದಿನದಲ್ಲಿ ಸರಿ ಮಾಡಬೇಕು ಅಂತ ಗುತ್ತಿಗೆಯಲ್ಲಿ ಬರೆದಿದೆಯಾ ಅಂತ ಕೇಳಿ. ಆಮ್ಸ್ಟರ್‌ಡ್ಯಾಮಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಎಲೆಕ್ಟ್ರಿಕ್ ಕಾರು ಇದ್ದು, ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇಲ್ಲದವರು ಹತ್ತಿರದಲ್ಲಿ ಚಾರ್ಜರ್ ಬೇಕು ಅಂತ ಅರ್ಜಿ ಕೊಡಬಹುದಿತ್ತು. ಬೇಡಿಕೆ ಇರುವ ಕಡೆಯೇ ಚಾರ್ಜರ್ ಬರುತ್ತಿತ್ತು. ಫೋಟೋಗೆ ಚಂದ ಕಾಣುವ ವೃತ್ತದಲ್ಲಿ ನೆಟ್ಟು ದೂಳು ಹಿಡಿಸುವುದಕ್ಕಿಂತ ಇದು ವಾಸಿ ಅಲ್ವಾ?

ಇಲ್ಲಿಗೆ ಮಾತು ನಿಲ್ಲಿಸಿದ್ದೆ. ಆಮೇಲೆ ಪ್ರಶ್ನೆಗಳು.

ಒಬ್ಬರು ಕೇಳಿದರು, ಕಲ್ಲಿದ್ದಲಿನಿಂದ ಬಂದ ಕರೆಂಟ್ ಹಾಕಿದರೆ ಏನು ಪ್ರಯೋಜನ ಅಂತ. ಪ್ರಯೋಜನ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪೆಟ್ರೋಲ್ ಎಂಜಿನ್ ತಾನು ಸುಟ್ಟ ಇಂಧನದ ಕಾಲು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ, ಟ್ರಾಫಿಕ್ಕಿನಲ್ಲಿ ನಿಂತಾಗ ಅದೂ ಇಲ್ಲ. ಎಲೆಕ್ಟ್ರಿಕ್ ಮೋಟಾರು ನಿಂತಾಗ ಏನನ್ನೂ ತಿನ್ನುವುದಿಲ್ಲ. ಹೊಗೆ ಎಲ್ಲಿ ಬರುತ್ತದೆ ಅನ್ನುವುದೂ ಮುಖ್ಯ, ಬಸ್ ನಿಲ್ದಾಣದಲ್ಲಿ ಮಕ್ಕಳ ಮೂಗಿನ ಮಟ್ಟಕ್ಕೆ ಬರುವ ಡೀಸೆಲ್ ಹೊಗೆ ನಿಲ್ಲುತ್ತದೆ. ಹಾಗಂತ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳುವುದನ್ನು ಬಿಡಬಾರದು.

ಇನ್ನೊಬ್ಬರಿಗೆ ಬೆಂಕಿಯ ಭಯ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 2021ರಲ್ಲಿ ಒಂದು ಡಿಪೋಗೆ ಬೆಂಕಿ ಬಿದ್ದು 25 ಬಸ್ಸು ಸುಟ್ಟುಹೋದವು. ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಬಸ್ಸಿನಿಂದ ಶುರುವಾಗಿರಬಹುದು ಅನ್ನುವ ಅನುಮಾನ ಬಂತು. ಬೆಂಕಿ ಡೀಸೆಲ್ ಬಸ್ಸಿಗೂ ಬೀಳುತ್ತದೆ, ಆದರೆ ಲಿಥಿಯಂ ಬ್ಯಾಟರಿ ಒಮ್ಮೆ ಹೊತ್ತಿದರೆ ಆರಿಸುವುದು ಕಷ್ಟ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಹಾಗಾಗಿ ಬಸ್ಸುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸುವ ಹಳೆಯ ಅಭ್ಯಾಸ ಬಿಡಬೇಕು, ನಡುವೆ ಜಾಗ ಅಥವಾ ಗೋಡೆ ಬೇಕು, ಅಪಘಾತವಾದ ಗಾಡಿಯನ್ನು ಕೆಲವು ದಿನ ದೂರದಲ್ಲಿ ಒಂಟಿಯಾಗಿ ನಿಲ್ಲಿಸಬೇಕು. ಇದರಿಂದ ಅದೇ ಡಿಪೋದಲ್ಲಿ ಕಡಿಮೆ ಬಸ್ಸು ಹಿಡಿಸುತ್ತವೆ. ಈ ಜಾಗದ ಖರ್ಚನ್ನು ಯೋಜನಾ ವರದಿಯಲ್ಲಿ ಹಾಕುವವರು ಅಪರೂಪ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು, ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಎರಡು ದಿನ ಕರೆಂಟ್ ಹೋದರೆ ಏನು ಮಾಡುತ್ತೀರಿ? ಒಂದು, ದಿನಕ್ಕೆ 60 ಕಿಲೋಮೀಟರ್ ಓಡುವ ಕಾರಿನ ಬ್ಯಾಟರಿ 250 ಕಿಲೋಮೀಟರಿನದ್ದಾದರೆ, ಪ್ರತಿ ರಾತ್ರಿ ತುಂಬಿಸಿಟ್ಟಿದ್ದ ಪಕ್ಷದಲ್ಲಿ, ಅದು ಮೂರು ನಾಲ್ಕು ದಿನ ಚಾರ್ಜ್ ಇಲ್ಲದೆ ನಡೆಯುತ್ತದೆ. ಕರೆಂಟ್ ಹೋದಾಗ ಜನರೇಟರ್ ಇಲ್ಲದಿದ್ದರೆ ಪೆಟ್ರೋಲ್ ಬಂಕಿನ ಪಂಪೂ ನಡೆಯುವುದಿಲ್ಲ ಅನ್ನುವುದನ್ನೂ ನೆನಪಿಡಿ. ಎರಡು, ಬಸ್ಸಿಗೆ ಈ ಸಮಾಧಾನ ಇಲ್ಲ, ಅದು ದಿನಾ ಖಾಲಿಯಾಗುತ್ತದೆ. ಡಿಪೋಗೆ ಎರಡು ಬೇರೆ ಬೇರೆ ಕಡೆಯಿಂದ ಸಂಪರ್ಕ ತೆಗೆದುಕೊಳ್ಳಬೇಕು, ಹಾಗೂ ಯಾವ ಮಾರ್ಗದ ಬಸ್ಸನ್ನು ಮೊದಲು ನಿಲ್ಲಿಸುತ್ತೇವೆ ಅಂತ ಮೊದಲೇ ಪಟ್ಟಿ ಮಾಡಿಟ್ಟಿರಬೇಕು. ಮೂರು, ಅಗ್ನಿಶಾಮಕ. ಲಾಸ್ ಏಂಜಲೀಸ್ 2022ರಲ್ಲಿ ತಂದ ಎಲೆಕ್ಟ್ರಿಕ್ ಅಗ್ನಿಶಾಮಕ ವಾಹನದಲ್ಲೂ ಒಂದು ಚಿಕ್ಕ ಡೀಸೆಲ್ ಎಂಜಿನ್ ಇದೆ. ಬ್ಯಾಟರಿ ಮುಗಿದರೂ ಪಂಪು ನಿಲ್ಲಬಾರದು ಅಂತ. ಯಾವ ನಗರವಾದರೂ ತನ್ನ ತುರ್ತು ಗಾಡಿಗಳಲ್ಲಿ ಒಂದಿಷ್ಟನ್ನು ಇನ್ನೂ ಹಲವು ವರ್ಷ ಡೀಸೆಲ್ಲಿನಲ್ಲೇ ಇಟ್ಟುಕೊಳ್ಳುತ್ತದೆ, ಇಟ್ಟುಕೊಳ್ಳಲಿ. ಅದಕ್ಕೆ ಯಾರೂ ನಾಚಿಕೆಪಡಬೇಕಿಲ್ಲ.